ಮೂಗಿಗೆ ಕಟ್ಟಿದ ಹದಿನೈದು ಕಿಲೊ

"ಅಣ್ಣಾ, ಟೆಂಪೊ ಖಾಲಿ ಇದ್ದಾಗ ತಿರುವಿನ್ಯಾಗ ಚಲೋ ಹೊರಳತದೋ, ತುಂಬಿದಾಗೋ?"

ಊಟಕ್ಕೆ ಕೂತಿದ್ದಾಗ ನನ್ನ ತಂಗಿ ಇದನ್ನು ಕೇಳಿದಳು. ಅವಳು ಆಗ ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಳು. ನಾನು ಅವಳಿಗಿಂತ ಆರು ವರ್ಷ ದೊಡ್ಡವನು. ಏಳನೇ ತರಗತಿಗೆ ಶಾಲೆ ಬಿಟ್ಟು, ಅಪ್ಪನ ಚಾದರ-ಟವೆಲ್ಲಿನ ಅಂಗಡಿಯಲ್ಲಿ ಗಂಟು ಕಟ್ಟುತ್ತ ಬೆಳೆದು, ಲೈಸೆನ್ಸ್ ಸಿಕ್ಕ ಮೇಲೆ ಅಂಗಡಿಯ ಟೆಂಪೊ ಹಿಡಿದವನು. ವಾರಕ್ಕೆ ಮೂರು ಸಲ ಸೊಲ್ಲಾಪುರದಿಂದ ಅಕ್ಕಲಕೋಟೆಯ ಅಂಗಡಿಗಳಿಗೆ ಮಾಲು ಮುಟ್ಟಿಸುವುದು ನನ್ನ ಕೆಲಸ. ಅಲ್ಲಿಗೆ ದರ್ಶನಕ್ಕೆ ಬಂದವರು ಒಂದು ಟವೆಲ್ಲಾದರೂ ಕೊಳ್ಳದೆ ಊರಿಗೆ ಮರಳುವುದಿಲ್ಲ.

"ಖಾಲಿ ಇದ್ದಾಗ," ಎಂದೆ. "ಕೈಗೆ ಹಗುರ ಇರತದಲ್ಲ."

"ಹಂಗಾದ್ರ ಮಳಿ ಬಿದ್ದಾಗ ಖಾಲಿ ಟೆಂಪೊದ ಹಿಂದಿನ ಗಾಲಿ ಯಾಕ ಜಾರತಾವ? ತುಂಬಿದಾಗ ಯಾಕ ಜಾರಂಗಿಲ್ಲ?"

ನನ್ನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಜಾರುವುದು ನಿಜ. ಎಷ್ಟೋ ಸಲ ಜಾರಿದೆ. ಯಾಕೆ ಎಂದು ಮಾತ್ರ ನಾನು ಎಂದೂ ಕೇಳಿಕೊಂಡಿರಲಿಲ್ಲ. ದಿನವೂ ಮಾಡುವ ಕೆಲಸದೊಳಗೆ ಒಂದು ಪ್ರಶ್ನೆ ಇಷ್ಟು ವರ್ಷ ಸುಮ್ಮನೆ ಕೂತಿತ್ತು, ನನಗೆ ಕಂಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು.

"ಗಾಡಿ ಆಮ್ಯಾಲ ಹೊರಳಸ್ರಿ," ಎಂದಳು ಅವ್ವ. "ರೊಟ್ಟಿ ಆರಾಕತ್ತಾವ."

ಅಂದಿನಿಂದ ನನ್ನ ಎರಡನೇ ಶಾಲೆ ಶುರುವಾಯಿತು. ತಂಗಿ ಕಾಲೇಜಿನಲ್ಲಿ ಕಲಿತದ್ದನ್ನು ಸಂಜೆ ಅಂಗಡಿಯಲ್ಲಿ ನನಗೆ ಹೇಳುತ್ತಿದ್ದಳು. ಸ್ಟೇರಿಂಗ್ ಬರೀ ಕೇಳುತ್ತದೆ, ಉತ್ತರ ಕೊಡುವುದು ಟೈರು, ಎನ್ನುತ್ತಿದ್ದಳು. ಟೈರಿಗೆ ನೆಲದ ಮೇಲಿನ ಹಿಡಿತ ಬರುವುದು ಮೇಲಿನಿಂದ ಬೀಳುವ ಭಾರದಿಂದ. ಆದರೆ ಭಾರ ಹೆಚ್ಚಾದಷ್ಟೂ ತಿರುವಿನಲ್ಲಿ ಅದನ್ನು ಎಳೆದು ತಿರುಗಿಸುವ ಕೆಲಸವೂ ಹೆಚ್ಚು, ಮತ್ತು ಟೈರಿನ ಹಿಡಿತ ಅಷ್ಟೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಎಷ್ಟು ಭಾರ ಎನ್ನುವುದು ಅರ್ಧ ಮಾತು. ಎಲ್ಲಿ ಭಾರ ಎನ್ನುವುದು ಉಳಿದ ಅರ್ಧ.

ಆ ಎರಡನೇ ಅರ್ಧ ನನಗೆ ಗೊತ್ತು ಎಂದು ನಾನು ತಿಳಿದಿದ್ದೆ. ಟೆಂಪೊ ಹಿಡಿದ ಮೊದಲ ವರ್ಷ ಒಮ್ಮೆ ದೊಡ್ಡ ಗಂಟುಗಳನ್ನೆಲ್ಲ ಹಿಂದಿನ ಫಳಿಯ, ಅಂದರೆ ಮುಚ್ಚುವ ಹಲಗೆಯ, ಹತ್ತಿರ ಹೇರಿಕೊಂಡು ಹೊರಟಿದ್ದೆ. ಸೇತುವೆಯ ಏರಿಗೆ ಬಂದಾಗ ಸ್ಟೇರಿಂಗ್ ಹಗುರಾಯಿತು. ಎಡಕ್ಕೆ ತಿರುಗಿಸಿದೆ, ಟೆಂಪೊ ನೇರ ಹೋಯಿತು. ಕಬ್ಬಿನ ಹಾಲು ಮಾರುವವನ ಗಾಣದಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅವನು ಎರಡೂ ಭಾಷೆಯಲ್ಲಿ ಬೈದ, ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದ. ಅಂದಿನಿಂದ ನನ್ನ ನಿಯಮ ಒಂದೇ: ಮುಂದೆ ಜಡ, ಅಂದರೆ ಭಾರ, ಇದ್ದರೆ ಗಾಡಿ ಮಾತು ಕೇಳುತ್ತದೆ. ನಾನು ಈಗ ಹೇಳಹೊರಟಿರುವ ತಪ್ಪು ಈ ನಿಯಮದಿಂದಲೇ ಬಂತು.

ನಮ್ಮ ಅಂಗಡಿಯಲ್ಲಿ ಅಪ್ಪ ಕೂಡುವ ತಿರುಗುವ ಕುರ್ಚಿ ಇತ್ತು. ಅಜ್ಜನ ಕಾಲದ ಕಬ್ಬಿಣದ ತೂಕದ ಕಲ್ಲುಗಳೂ ಇದ್ದವು, ಒಂದೊಂದು ಐದು ಕಿಲೊ. ಹಿಂದೆ ನೂಲು ತೂಗಲು ಬಳಸುತ್ತಿದ್ದ ಅವು, ಅಂಕಿ ತೋರಿಸುವ ಹೊಸ ತಕ್ಕಡಿ-ಕಾಟಾ ಬಂದ ಮೇಲೆ ಚಾದರದ ರಾಶಿಗಳು ಗಾಳಿಗೆ ಹಾರದಂತೆ ಒತ್ತಿಕೊಂಡು ಕೂತಿದ್ದವು. ಒಂದು ದಿನ ತಂಗಿ ನನ್ನನ್ನು ಆ ಕುರ್ಚಿಯಲ್ಲಿ ಕೂಡಿಸಿ ಎರಡು ಕೈಗೂ ಒಂದೊಂದು ಕಲ್ಲು ಕೊಟ್ಟಳು.

"ಕೈ ಚಾಚು."

ಚಾಚಿದೆ. ಅವಳು ಕುರ್ಚಿ ತಳ್ಳಿದಳು. ತಿರುಗಲು ಒಪ್ಪದವನಂತೆ ನಿಧಾನವಾಗಿ ಹೊರಟೆ. ನಿಲ್ಲಿಸು ಎಂದಾಗ ಕಾಲಿನಿಂದ ನೆಲ ಒತ್ತಿದರೂ ಅರ್ಧ ಸುತ್ತು ಹೆಚ್ಚಿಗೆ ಹೋದೆ.

"ಈಗ ಎದಿಗೆ ಒತ್ತಿಗೊ."

ಒತ್ತಿಕೊಂಡೆ. ಅಷ್ಟೇ ಬಲದಲ್ಲಿ ತಳ್ಳಿದಳು, ಗರ್ರನೆ ತಿರುಗಿದೆ. ಕಾಲು ತಾಗಿಸಿದ ಕೂಡಲೇ ನಿಂತೆ.

"ವಜನ ಅಷ್ಟೇ," ಎಂದಳು. "ಜಾಗಾ ಬ್ಯಾರೆ. ಓಟದ ಗಾಡಿಗೆ ಎರಡನೇದು ಬೇಕು. ಅದಕ್ಕಂತಲೇ ಎಂಜಿನ್ ನಡುವ ಇಡತಾರ, ಡ್ರೈವರನ ಬೆನ್ನ ಹಿಂದ. ಲಗೂನ ಹೊರಳತದ, ಲಗೂನ ಹೊರಳೂದು ಬಿಡತದ."

ಅಪ್ಪ ಗಿರಾಕಿಯೊಬ್ಬರನ್ನು ಕಳಿಸಿ ಒಳಗೆ ಬಂದವರು ನನ್ನನ್ನು ನೋಡಿ ನಿಂತರು. "ಕುರ್ಚಿ ಮುರದ್ರ ಆ ಕಲ್ಲು ನಿನ್ನ ಕೊಳ್ಳಿಗೆ ಕಟ್ಟತೀನಿ ಮಗನ. ಆವಾಗ ಎಷ್ಟು ಲಗೂ ಹೊರಳತಿ ನೋಡೂಣು."

ಅವಳ ಕಾಲೇಜಿನ ನೋಟ್ಸ್ ವಹಿಯಲ್ಲಿ ನಾವು ಎಂದೂ ಕಣ್ಣಾರೆ ಕಾಣದ ಕಾರುಗಳ ಚಿತ್ರಗಳಿದ್ದವು. ಎಂಜಿನ್ ಒಂದು ಗಾಡಿಯ ಅತಿ ಭಾರದ ಸಾಮಾನು, ಅದನ್ನು ಎಲ್ಲಿಟ್ಟರು ಎನ್ನುವುದರ ಮೇಲೆ ಗಾಡಿಯ ಸ್ವಭಾವ ನಿಂತಿದೆ ಎನ್ನುತ್ತಿದ್ದಳು. ಮೂಗಿನಲ್ಲಿ ಎಂಜಿನ್ ಇದ್ದ ಕಾರು ತಿರುವಿನಲ್ಲಿ ನೇರ ಹೋಗಲು ನೋಡುತ್ತದೆ. ಹಿಂದಿನ ಗಾಲಿಗಳ ಆಚೆ ಎಂಜಿನ್ ಕಟ್ಟಿದ ಕಾರುಗಳೂ ಇವೆ. ಎಕ್ಸಲರೇಟರ್ ಒತ್ತಿಕೊಂಡು ತಿರುವಿನಿಂದ ಹೊರಗೆ ಬಂದರೆ ಅವುಗಳಷ್ಟು ಗಟ್ಟಿಯಾಗಿ ನೆಲ ಹಿಡಿಯುವವು ಕಡಿಮೆ. ನಡುತಿರುವಿನಲ್ಲಿ ಹೆದರಿ ಕಾಲು ತೆಗೆದರೆ ಭಾರ ಮುಂದಕ್ಕೆ ಹರಿದು, ಹಿಂದಿನ ಗಾಲಿ ಹಗುರಾಗಿ, ಬಾಲ ಮುಂದೆ ಬರುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಸಿಲಿಂಡರುಗಳು ನೆಟ್ಟಗೆ ನಿಂತಿರದೆ ಎರಡೂ ಕಡೆ ಅಡ್ಡ ಮಲಗಿರುತ್ತವೆ.

"ಮಲಗಿದ್ರ ಏನು ಫಾಯದೆ, ಹೇಳು ನೋಡೂಣು," ಎಂದು ಕೇಳಿದಳು.

ನಾನು ಸ್ವಲ್ಪ ಯೋಚಿಸಿದೆ. "ಗಂಟು ಒಂದರ ಮ್ಯಾಲೊಂದು ಒಟ್ಟಿದ್ರ ಹೊರಳಿನ್ಯಾಗ ಟೆಂಪೊ ವಾಲತದ. ಅವೇ ಗಂಟು ತಳಕ್ಕ ಹಾಸಿದ್ರ ವಾಲಂಗಿಲ್ಲ. ಹಂಗೇನು?"

ಅವಳು ಚಪ್ಪಾಳೆ ತಟ್ಟಿದಳು. "ಸರ್ ಅರ್ಧಾ ತಾಸು ಹೇಳಿದ್ರು. ನೀ ಒಂದ ಮಾತಿನ್ಯಾಗ ಮುಗಿಸಿದಿ."

ಆ ಚಪ್ಪಾಳೆ ನನ್ನ ತಲೆಗೇರಿತು ಎಂದು ಈಗ ಅನ್ನಿಸುತ್ತದೆ. ಶಾಲೆಯಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಡಿಪ್ಲೊಮಾದ ಕೊನೆಯ ವರ್ಷ ಅವಳ ಕಾಲೇಜಿನ ಹತ್ತು ಮಂದಿ ಸೇರಿ ಒಂದು ಓಟದ ಗಾಡಿ ಕಟ್ಟಿದರು. ವಿದ್ಯಾರ್ಥಿಗಳ ಸ್ಪರ್ಧೆಗೆ ಒಯ್ಯಬೇಕಾದ ಗಾಡಿ. ಕಬ್ಬಿಣದ ಕೊಳವೆಗಳ ಚೌಕಟ್ಟು, ಒಬ್ಬರೇ ಕೂಡುವ ಸೀಟು, ಸೀಟಿನ ಬೆನ್ನಿಗೆ ಮೋಟಾರ್ ಸೈಕಲ್ಲಿನ ಎಂಜಿನ್, ಅಲ್ಲಿಂದ ಹಿಂದಿನ ಗಾಲಿಗೆ ಚೈನು. ಆ ಎಂಜಿನ್ನಿನ ಗುಣವನ್ನೂ ಅವಳು ನನಗೆ ಹೇಳಿದ್ದಳು. ಕೆಳಗಿನ ವೇಗದಲ್ಲಿ ನಿದ್ದೆ ಮಾಡಿದಂತಿರುತ್ತದೆ, ಮೇಲೆ ಹೋದಾಗ ಒಮ್ಮೆಲೇ ಎದ್ದು ಒದೆಯುತ್ತದೆ. ಕಾಲು ತೆಗೆದರೆ ಅಷ್ಟೇ ಬಿರುಸಾಗಿ ಹಿಂದಿನ ಗಾಲಿಗಳನ್ನು ಹಿಡಿದು ಎಳೆಯುತ್ತದೆ, ಹಿಂದೆ ಮಾತ್ರ ಬ್ರೇಕ್ ಹಾಕಿದ ಹಾಗೆ. ಆದ್ದರಿಂದ ಆ ಗಾಡಿಯಲ್ಲಿ ಹಿಂದಿನ ಗಾಲಿಗಳ ಮೇಲೆ ತಕ್ಕಷ್ಟು ಭಾರ ಇರಲೇಬೇಕು.

ಹತ್ತು ಮಂದಿಯಲ್ಲಿ ಅವಳೊಬ್ಬಳೇ ಹುಡುಗಿ. ಅವಳಿಗೆ ಬೇಕಾಗಿದ್ದುದು ಒಂದೇ: ಸ್ಪರ್ಧೆಯ ದಿನ ಆ ಸೀಟಿನಲ್ಲಿ ತಾನು ಕೂಡಬೇಕು. ಅದಕ್ಕಾಗಿ ಒಂದು ವರ್ಷ ರವಿವಾರಕ್ಕೊಮ್ಮೆ ನನ್ನ ಟೆಂಪೊ ತೆಗೆದುಕೊಂಡು, ಮುಚ್ಚಿಹೋದ ಗಿರಣಿಯೊಂದರ ಫರಸಿಕಲ್ಲು ಹಾಸಿದ ಅಂಗಳದಲ್ಲಿ ಇಟ್ಟಿಗೆಗಳ ನಡುವೆ ಸುತ್ತಿಸಿದ್ದಳು. ಕಾಲು, ಕೈ ಎರಡೂ ಚೆನ್ನಾಗಿ ಪಳಗಿದ್ದವು. ಸೀಟಿಗೆ ಇನ್ನೊಬ್ಬ ಉಮೇದುವಾರನಿದ್ದ, ಅವರ ಗುಂಪಿನ ಎತ್ತರದ ಹುಡುಗ.

ಗಾಡಿಯ ಭಾರ ಹಂಚಿಕೆ ನೋಡಲು ನಾಲ್ಕು ಗಾಲಿಯ ಕೆಳಗೆ ನಾಲ್ಕು ಕಾಟಾ ಬೇಕಿತ್ತು. ನೂಲಿನ ವ್ಯಾಪಾರಿಗಳ ಹತ್ತಿರ ಕೇಳಿ, ಚಪ್ಪಟೆ ಹಾಸಿನ ನಾಲ್ಕು ಕಾಟಾಗಳನ್ನು ನಾನೇ ಟೆಂಪೊದಲ್ಲಿ ತಂದುಕೊಟ್ಟೆ. ಎತ್ತರದ ಹುಡುಗನನ್ನು ಕೂಡಿಸಿ ತೂಗಿದಾಗ ಮುಂದಿನ ಗಾಲಿಗಳ ಮೇಲೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಹಿಂದಿನವುಗಳ ಮೇಲೆ ಸ್ವಲ್ಪ ಹೆಚ್ಚು ಬಂತು. ಅವರಿಗೆ ಬೇಕಾಗಿದ್ದುದೂ ಅದೇ, ಸ್ಪ್ರಿಂಗುಗಳನ್ನು ಆ ಲೆಕ್ಕಕ್ಕೇ ಕೂಡಿಸಿದ್ದರು. ನನ್ನ ತಂಗಿ ಅವನಿಗಿಂತ ಹದಿನೈದು ಕಿಲೊ ಹಗುರ. ಅವಳು ಕೂತಾಗ ಅಷ್ಟನ್ನು ಸೀಟಿನ ಹಿಂದೆ, ಎಂಜಿನ್ನಿಗೆ ಒತ್ತಿ, ನೆಲಕ್ಕೆ ತಾಗುವಷ್ಟು ಕೆಳಗೆ ಕಟ್ಟಬೇಕು ಎಂದು ಅವರ ಸರ್ ಹೇಳಿದರು.

ಅಜ್ಜನ ಕಲ್ಲು ಮೂರು. ಅವನ್ನು ಕಟ್ಟುವವನು ನಾನು.

"ನಮ್ಮಣ್ಣ ಕಟ್ಟಿದ್ದು ಬಿಚ್ಚಂಗಿಲ್ಲ," ಎಂದು ಅವಳು ಎಲ್ಲರಿಗೂ ಹೇಳಿದಳು. ಅದು ನಿಜ. ನಮ್ಮ ಅಂಗಡಿಯಲ್ಲಿ ಗಂಟಿಗೆ ಹಾಕುವ ಸುರುಗುಣಿಕೆ ದಾರಿಯಲ್ಲಿ ಕುಲುಕಿದಷ್ಟೂ ಬಿಗಿಯಾಗುತ್ತದೆ. ಬಿಚ್ಚುವ ಎಳೆ ಯಾವುದು ಎಂದು ಕಟ್ಟಿದವನಿಗಷ್ಟೇ ಗೊತ್ತು.

ಕಟ್ಟುತ್ತಿರುವಾಗ ನಾನು ಮೆಲ್ಲನೆ ಹೇಳಿದೆ, "ಮೂಗಿನ್ಯಾಗ ಕಟ್ಟೂಣೇನು? ಮುಂದ ಬಾಳ ಹಗುರ ಅನಸಾಕತ್ತದ."

ಅವಳು ನಕ್ಕಳು. "ಅಣ್ಣಾ, ಇದು ಟವೆಲ್ಲಿನ ಟೆಂಪೊ ಅಲ್ಲೋ!"

ಸುತ್ತ ನಿಂತವರೂ ನಕ್ಕರು. ಒಬ್ಬನು ಮರಾಠಿಯಲ್ಲಿ ಏನೋ ಸೇರಿಸಿದ, ಇನ್ನೊಮ್ಮೆ ನಕ್ಕರು. ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮನೆಯಲ್ಲಿ ದಿನವೂ ಆಡುವಂಥದೇ ಮಾತು. ಆದರೆ ಮನೆಯಲ್ಲಿ ಕೇಳುವವರು ಇರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗಿರಣಿಯ ಅಂಗಳದಲ್ಲಿ ಇಬ್ಬರ ಓಟ. ಯಾರ ಓಟ ಚೆನ್ನಾಗಿದೆ ಎಂದು ನೋಡಿ ಸರ್ ಸೀಟು ಯಾರಿಗೆ ಎಂದು ಹೇಳುವವರಿದ್ದರು. ಎತ್ತರದ ಹುಡುಗ ಮೊದಲು ಓಡಿಸಿ ಇಳಿದ. ನಾನು ಸೀಟಿನ ಹಿಂದೆ ಕಲ್ಲು ಮತ್ತೆ ಕಟ್ಟಿ ಮುಗಿಸಿದೆ. ಎಲ್ಲರೂ ಸ್ಥಳ ಬದಲಾದ ಇಟ್ಟಿಗೆಗಳನ್ನು ಸರಿಪಡಿಸಲು ಹೋದರು, ತಂಗಿ ಹೆಲ್ಮೆಟ್ಟಿನೊಳಗೆ ಜಡೆ ತುರುಕಿಕೊಳ್ಳುತ್ತ ದೂರ ನಿಂತಿದ್ದಳು. ಗಾಡಿಯ ಹತ್ತಿರ ನಾನೊಬ್ಬನೇ. ಅದರ ಮೂಗಿನ ಮೇಲೆ ಕೈಯಿಟ್ಟು ಒತ್ತಿದೆ. ಒತ್ತಿದರೆ ಬಗ್ಗಿತು, ಬಿಟ್ಟರೆ ಎದ್ದಿತು. ಇಷ್ಟು ಹಗುರ! ನನಗೆ ಕಬ್ಬಿನ ಗಾಣ ಕಣ್ಣಮುಂದೆ ಬಂತು. ಇವಳು ಸ್ಟೇರಿಂಗ್ ತಿರುಗಿಸುತ್ತಾಳೆ, ಇದು ನೇರ ಹೋಗುತ್ತದೆ, ಎದುರಿಗೆ ಗಿರಣಿಯ ಕಲ್ಲಿನ ಗೋಡೆ.

ಹೆದರಿಕೆಯೊಂದೇ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನೆಯ ನಗುವೂ ಇತ್ತು. ಗಾಡಿ ಚೆನ್ನಾಗಿ ಹೊರಳಿದ ಮೇಲೆ, ನೋಡು, ಟವೆಲ್ಲಿನ ಟೆಂಪೊದವನು ಹೇಳಿದ್ದೇ ಖರೆ ಆಯಿತು ಎಂದು ತೋರಿಸುವ ಆಸೆ ಇತ್ತು. ಎಳೆ ಎಳೆದು ಸುರುಗುಣಿಕೆ ಬಿಚ್ಚಿದೆ. ಮೂಗಿನ ಮುಚ್ಚಳ ಎತ್ತಿ, ಪೆಡಲುಗಳ ಮುಂದಿನ ಖಾಲಿ ಜಾಗದಲ್ಲಿ ಮೂರೂ ಕಲ್ಲು ಕಟ್ಟಿ, ಮುಚ್ಚಳ ಹಾಕಿದೆ. ಒಂದು ಗಂಟು ಕಟ್ಟುವಷ್ಟು ಹೊತ್ತೂ ಆಗಲಿಲ್ಲ.

ಮೊದಲ ತಿರುವಿನಲ್ಲಿ ಗಾಡಿ ಇಟ್ಟಿಗೆಗಳಿಂದ ಹೊರಗೆ ಸರಿದು ಹೋಯಿತು. ಎರಡನೆಯದರಲ್ಲಿ ಅವಳು ಮುಂಚೆಯೇ ತಿರುಗಿಸಿದಳು, ಆದರೂ ಸರಿಯಿತು. ಮೂರನೆಯದರಲ್ಲಿ ಮೂಗು ಒಪ್ಪಲೇ ಇಲ್ಲ. ಅವಳು ಸ್ಟೇರಿಂಗ್ ಇನ್ನೂ ತಿರುಗಿಸಿ, ಕಾಲು ತೆಗೆದಳು. ಎಂಜಿನ್ನಿನ ಸದ್ದು ಇಳಿದದ್ದು ನನಗೆ ಕೇಳಿಸಿತು. ಅದೇ ಕ್ಷಣ ಮುಂದಿನ ಗಾಲಿಗಳು ಒಮ್ಮೆಲೇ ನೆಲ ಹಿಡಿದವು, ಹಿಂದಿನವು ಬಿಟ್ಟವು. ಗಾಡಿ ಬುಗುರಿಯ ಹಾಗೆ ಒಂದೂವರೆ ಸುತ್ತು ತಿರುಗಿ, ಹಳೆಯ ಟೈರುಗಳ ರಾಶಿಗೆ ಮಗ್ಗುಲು ಒತ್ತಿ ನಿಂತಿತು. ಧೂಳು.

ಅವಳಿಗೆ ಪೆಟ್ಟಾಗಲಿಲ್ಲ. ತಾನೇ ಇಳಿದಳು. ಎಲ್ಲರೂ ಅವಳ ಕಡೆ ಓಡಿದರು. ನಾನು ಗಾಡಿಯ ಕಡೆ ಓಡಿದೆ.

ತಂಗಿ ಟೈರಿನ ಮೇಲೆ ಕೂತು ನೀರು ಕುಡಿಯುತ್ತಿದ್ದಾಗ, ಗಾಡಿಯನ್ನು ರಾಶಿಯಿಂದ ಬಿಡಿಸುವವನಂತೆ ಬಗ್ಗಿ, ಕಲ್ಲುಗಳನ್ನು ಮೂಗಿನಿಂದ ಬಿಚ್ಚಿ ಸೀಟಿನ ಹಿಂದೆ ಮೊದಲಿನ ಜಾಗದಲ್ಲಿ ಕಟ್ಟಿದೆ. ಕಟ್ಟುವ ಬಿಚ್ಚುವ ಕೆಲಸ ನನ್ನದೇ ಆದ್ದರಿಂದ ಯಾರೂ ತಿರುಗಿ ನೋಡಲಿಲ್ಲ.

"ಗಾಡಿ ನನ್ನ ಮಾತು ಕೇಳಲಿಲ್ರಿ ಸರ್," ಎಂದಳು ಅವಳು. "ಮೂಗು ಹಿಡೀಲಿಲ್ಲ, ಆಮ್ಯಾಲ ಒಮ್ಮಿಗೇ ಹಿಡೀತು. ವಜನದಾಗ ಏನೋ ಫರಕ್ ಆಗ್ಯಾದ."

ಸರ್ ಒಳ್ಳೆಯವರು. ಅವಳ ಮಾತನ್ನು ತಳ್ಳಿಹಾಕಲಿಲ್ಲ. ಗಾಡಿಯನ್ನು ಮತ್ತೆ ನಾಲ್ಕು ಕಾಟಾದ ಮೇಲೆ ನಿಲ್ಲಿಸಿ, ಅವಳನ್ನೇ ಕೂಡಿಸಿ ತೂಗಿಸಿದರು. ನಾಲ್ಕೂ ಅಂಕಿ ಹಿಂದಿನ ದಿನ ಅವಳನ್ನು ಕೂಡಿಸಿ ತೂಗಿದಾಗ ಬಂದದ್ದೇ. ಆಮೇಲೆ ನನ್ನ ಕಡೆ ನೋಡಿದರು.

"ಓಡಸೂ ಮುಂದನೂ ಕಲ್ಲು ಇಲ್ಲೇ ಇದ್ವೇನ್ರಿ?"

"ಹೌದ್ರಿ ಸರ್. ಅಲ್ಲೇ ಇದ್ದು."

"ಹಂಗಾದ್ರ ಗಾಡಿ ಬರೋಬರ್ ಅದ," ಎಂದು ಅವರು ಅವಳಿಗೆ ಮೆತ್ತಗೆ ಹೇಳಿದರು. "ನಡುಹೊರಳಿನ್ಯಾಗ ಹೆದರಿ ಕಾಲು ತಗದಿ ನೋಡವಾ. ಹೊಸದಾಗಿ ಕಲಿಯೋರು ಮಾಡೂದೇ ಅದು."

ಸೀಟು ಎತ್ತರದ ಹುಡುಗನಿಗೆ ಹೋಯಿತು. ಮನೆಗೆ ಬರುವಾಗ ಟೆಂಪೊದಲ್ಲಿ ಅವಳು ನನ್ನ ಪಕ್ಕ ಕೂತಿದ್ದಳು. ಸಾತ್ ರಸ್ತಾ ಚೌಕದಲ್ಲಿ ಎರಡೂ ಅಂಗೈ ಬಿಡಿಸಿ ನೋಡಿಕೊಳ್ಳುತ್ತ, "ಅಣ್ಣಾ, ನೀ ಹೊರಗ ನಿಂತು ನೋಡಿದ್ಯಲ್ಲ. ನನ್ನ ಕೈ ಎಲ್ಲಿ ತಪ್ಪಿತು?" ಎಂದು ಕೇಳಿದಳು.

ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. ನಾನು ರಸ್ತೆ ನೋಡುತ್ತ ಹೇಳಿದೆ, "ಹೆದರಿದಿ ಅನಸ್ತದ."

ಸ್ಪರ್ಧೆಗೆ ಅವಳು ಪಾನಾ-ಸ್ಪ್ಯಾನರುಗಳ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಬಂದಳು. ಆಮೇಲೆ ಟೆಂಪೊ ಕೇಳಲಿಲ್ಲ. ಸ್ಕೂಟರೂ ಮುಟ್ಟಲಿಲ್ಲ. ಡಿಪ್ಲೊಮಾ ಮುಗಿಸಿ ಅಕ್ಕಲಕೋಟೆಯ ಒಂದು ತರಬೇತಿ ಸಂಸ್ಥೆಯಲ್ಲಿ ಗಾಡಿ ರಿಪೇರಿ ಕಲಿಸುವ ಕೆಲಸಕ್ಕೆ ಸೇರಿದಳು, ಈಗಲೂ ಅಲ್ಲೇ ಇದ್ದಾಳೆ. ದಿನಾ ಸೊಲ್ಲಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಗಾಡಿಗಳ ಬಗ್ಗೆ ಅಷ್ಟು ಬಲ್ಲವಳು ಬಸ್ಸಿನ ಕಿಟಕಿಯ ಪಕ್ಕ ಕೂಡುತ್ತಾಳೆ. ಬಸ್ಸು ತಿರುವಿಗೆ ಬಂದಾಗ ಮುಂದಿನ ಸೀಟಿನ ಸರಳು ಹಿಡಿಯುವುದನ್ನು ನಾನು ನೋಡಿದ್ದೇನೆ.

ಒಂಬತ್ತು ವರ್ಷ ಕಳೆದವು. ಮೊದಮೊದಲು ನನಗೆ ಒಂದು ಸಮಾಧಾನವಿತ್ತು: ಹದಿನೈದು ಕಿಲೊ ಏನು ಮಹಾ, ಅವಳು ಖರೆಯೇ ಹೆದರಿರಬಹುದು. ಆ ಸಮಾಧಾನವನ್ನು ನನ್ನ ಕುತೂಹಲವೇ ಕೆಡಿಸಿತು. ಅಕ್ಕಲಕೋಟೆಯಲ್ಲಿ ಮಾಲು ಇಳಿಸುವವರೆಗೆ ಟೆಂಪೊದಲ್ಲಿ ಕೂತು ಫೋನಿನಲ್ಲಿ ಓಟದ ಕಾರುಗಳನ್ನು ನೋಡುತ್ತಿದ್ದೆ. ಮೂಗು ಭಾರವಾದ ಕಾರು ತಿರುವಿನಲ್ಲಿ ಹೊರಗೆ ಸರಿಯುವುದನ್ನು, ಹಿಂಬದಿ ಹಗುರಾದ ಕಾರು ಕಾಲು ತೆಗೆದಾಗ ಬುಗುರಿಯಾಗುವುದನ್ನು ನಿಧಾನಗತಿಯಲ್ಲಿ ತೋರಿಸುತ್ತಿದ್ದರು. ಹಿಂದಿ ಮಾತು ಅರ್ಧ ತಿಳಿಯುತ್ತಿತ್ತು, ಚಿತ್ರ ಪೂರ್ತಿ ತಿಳಿಯುತ್ತಿತ್ತು.

ನನ್ನ ನಿಯಮ ಸುಳ್ಳಲ್ಲ. ಅರ್ಧ ಮಾತ್ರ ಖರೆ. ಟೆಂಪೊದಲ್ಲಿ ಫಳಿಯ ಹತ್ತಿರ ಹೇರಿದ ಮಾಲು ಮುಂದಿನ ಗಾಲಿಗಳನ್ನು ಎತ್ತುತ್ತದೆ, ಅದಕ್ಕೆ ಮುಂದೆ ಜಡ ಬೇಕು. ಆ ಗಾಡಿಯಲ್ಲಿ ಯಾವುದೂ ಎದ್ದಿರಲಿಲ್ಲ, ಎಲ್ಲ ಇರಬೇಕಾದಲ್ಲಿ ಇತ್ತು. ಅದು ನನ್ನ ಕೈಗೆ ಹಗುರವಾಗಿ ಕಂಡದ್ದು, ಗಾಡಿಯೇ ಹಗುರವಿದ್ದುದರಿಂದ. ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅಪ್ಪನ ಕುರ್ಚಿಯಲ್ಲಿ ಕೂತು, ಕಲ್ಲು ಹಿಡಿದು ಕೈ ಚಾಚಿ, ಕಾಲಿನಿಂದ ನೆಲ ಒದ್ದೆ. ನಿಧಾನವಾಗಿ ಹೊರಟು, ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹೋದೆ. ಮೂಗಿಗೆ ಕಲ್ಲು ಕಟ್ಟುವುದೆಂದರೆ ಇದೇ, ಕೈ ಚಾಚಿ ತಿರುಗುವುದು. ಇದನ್ನು ಅವಳೇ ನನಗೆ ಕಲಿಸಿದ್ದಳು, ನಾನು ಅವಳ ಪಾಠವನ್ನು ಅವಳ ಮೇಲೆಯೇ ತಲೆಕೆಳಗೆ ಹಾಕಿದ್ದೆ.

ಆಗಲೂ ಹೇಳಲಿಲ್ಲ. ಹೇಳದೆ ಕಳೆದ ಒಂದೊಂದು ವರ್ಷವೂ ಹೇಳುವುದನ್ನು ಇನ್ನಷ್ಟು ಜಡ ಮಾಡಿತು.

ಹೋದ ತಿಂಗಳು ಅವಳ ಸಂಸ್ಥೆಯ ವರ್ಕ್‌ಶಾಪಿಗೆ ಕೈ ಒರೆಸುವ ವಸ್ತ್ರಗಳ ಗಂಟುಗಳನ್ನು ಇಳಿಸಲು ಹೋಗಿದ್ದೆ. ಮಧ್ಯಾಹ್ನ. ಸಹಿ ಮಾಡುವವರು ಊಟಕ್ಕೆ ಹೋಗಿದ್ದರು. ಕಿಟಕಿಯ ಕೆಳಗೆ ಗಂಟಿನ ಮೇಲೆ ಕೂತೆ. ಒಳಗೆ ಅವಳ ತರಗತಿ ನಡೆದಿತ್ತು. ಹಲಗೆಯ ಮೇಲೆ ನಾಲ್ಕು ಗಾಲಿ, ಒಂದು ತಿರುವು.

"ಇಲ್ಲಿ ಕಾಲು ತಗದ್ರ ವಜನ ಎಲ್ಲಿ ಹೋಗತದ? ಮುಂದ. ಹಿಂದ ಏನಾಗತದ? ಹಗುರ. ಇದು ಯಾರೋ ಮಾಡಿದ ಚೂಕ ಅಲ್ಲ, ನಂದೇ ಚೂಕ. ನಿಮ್ಮ ವಯಸ್ಸಿನ್ಯಾಗ ನಾ ಓಟದ ಗಾಡಿ ಓಡಸಾಕ ಹೋಗಿ ಹೆದರಿ ಕಾಲು ತಗದಿದ್ದೆ."

"ಗಾಡ್ಯಾಗ ಏನೂ ಬಿಗಾಡ ಇದ್ದಿಲ್ಲೇನ್ರಿ ಮ್ಯಾಡಮ್?" ಎಂದು ಒಬ್ಬ ಹುಡುಗ ಕೇಳಿದ.

"ಇದ್ದಿಲ್ಲ. ನನಗೂ ಮೊದಲ ಹಂಗ ಅನಿಸಿತ್ತು. ನಾಕೂ ಕಾಟಾ ಬರೋಬರ್ ತೋರಿಸಿದ್ದು. ಕೈ ಸುಳ್ಳು ಹೇಳತಾವ, ಕಾಟಾ ಹೇಳಂಗಿಲ್ಲ."

ಹಿಂದಿನ ಬೆಂಚಿನಿಂದ ಒಂದು ಹುಡುಗಿಯ ದನಿ ಬಂತು. "ನಂಗೂ ಹೊರಳಿನ್ಯಾಗ ಹೆದರಿಕಿ ಬರತದ್ರಿ. ರಿಪೇರಿ ಆದ ಗಾಡಿ ಟ್ರೈಯಲ್ ಓಡಸೂದು ಬಿಟ್ಟು ಬಿಡಲ್ಯಾ?"

ತಂಗಿ ಹಲಗೆಯ ಮೇಲಿನ ತಿರುವನ್ನು ಒರೆಸಿದಳು. "ಬಿಡು. ಅಳತಿ ಕೆಲಸನೂ ಚಲೋ ಕೆಲಸನೇ."

ನಾನು ಕೂತಿದ್ದ ಗಂಟಿನಿಂದ ಎದ್ದೆ. ಒಂಬತ್ತು ವರ್ಷ ಅವಳೊಬ್ಬಳೇ ಹೊತ್ತದ್ದು ಈಗ ಇನ್ನೊಬ್ಬಳ ಮೇಲೆ ಹೋಗುತ್ತಿತ್ತು.

ತರಗತಿ ಬಿಟ್ಟ ಮೇಲೆ ಅವಳು ಹೊರಗೆ ಬಂದಳು. ನನ್ನನ್ನು ನೋಡಿ, "ಏನಣ್ಣಾ, ಚಹಾ ಆತೇನು?" ಎಂದಳು.

"ಕಲ್ಲು ನಾ ಸರಸಿದ್ದೆ," ಎಂದೆ.

"ಯಾವ ಕಲ್ಲು?"

"ಅಜ್ಜಂದು. ಗಿರಣಿ ಅಂಗಳದಾಗ. ನೀ ಹೆಲ್ಮೆಟ್ ಹಾಕ್ಕೊಳಾಕತ್ತಿದ್ದಿ. ಮೂಗಿನ್ಯಾಗ ಕಟ್ಟಿದೆ. ಗಾಡಿ ತಿರುಗಿ ನಿಂತ ಮ್ಯಾಲ ಬಿಚ್ಚಿ ಮೊದಲಿನ ಜಾಗಾದಾಗ ಕಟ್ಟಿದೆ. ಸರ್ ಕೇಳಿದಾಗ ಸುಳ್ಳು ಹೇಳಿದೆ."

ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದು ಕಾದೆ. ಅವಳು ಕಣ್ಣು ಸಣ್ಣದು ಮಾಡಿ ನನ್ನನ್ನು ನೋಡಿದಳು, ಊಟಕ್ಕೆ ಕೂತಾಗ ಪ್ರಶ್ನೆ ಕೇಳುತ್ತಿದ್ದ ಹಾಗೆ.

"ಎಷ್ಟು ಕಲ್ಲು?"

"ಮೂರೂ."

"ಮೂಗಿನ್ಯಾಗ ಅಂದ್ರ ಎಲ್ಲಿ? ಮುಂದಿನ ಗಾಲಿಕಿಂತ ಈಚೆ ಏನು ಆಚೆ?"

"ಆಚೆ. ಒಂದು ಗೇಣು."

ಅವಳ ಕೈಯಲ್ಲಿ ಹಲಗೆಗೆ ಬರೆಯುವ ಖಡು, ಸೀಮೆಸುಣ್ಣ, ಇನ್ನೂ ಇತ್ತು. ಟೆಂಪೊದ ಹಿಂದಿನ ಫಳಿಯ ಮೇಲೆ ಒಂದು ಗೆರೆ ಎಳೆದು, ಎರಡು ಗಾಲಿ ಬರೆದು, ಸೀಟು ಬರೆದು, ಕಲ್ಲಿನ ಹಳೆಯ ಜಾಗ ಹೊಸ ಜಾಗ ಗುರುತು ಮಾಡಿದಳು. ಗುಣಿಸಿದಳು, ಭಾಗಿಸಿದಳು. ಆ ಗಾಡಿಯ ಅಳತೆಗಳೆಲ್ಲ ಅವಳಿಗೆ ಬಾಯಿಪಾಠವಿದ್ದವು, ಒಂದನ್ನೂ ಮರೆತಿರಲಿಲ್ಲ.

"ಹದಿನಾಲ್ಕು ಕಿಲೊ," ಎಂದಳು. "ಹಿಂದಿನ ಗಾಲಿ ಮ್ಯಾಲಿಂದ ಎದ್ದು ಮುಂದ ಹೋಗಿ ಕೂತಾವ. ಅಷ್ಟು ಚಿಕ್ಕ ಗಾಡ್ಯಾಗ ಹದಿನಾಲ್ಕು ಕಿಲೊ." ಖಡು ಹಿಡಿದ ಕೈ ಹಾಗೇ ನಿಂತಿತು. "ಮೂಗು ಹಿಡೀಲಿಲ್ಲ, ಆಮ್ಯಾಲ ಒಮ್ಮಿಗೇ ಹಿಡೀತು. ನಾ ಹೇಳಿದ್ನಲ್ಲ ಅವತ್ತು? ನನ್ನ ಕೈಗೆ ಗೊತ್ತಾಗಿತ್ತು."

"ಹೂಂ."

"ನೀ ನನಗ 'ಹೆದರಿದಿ' ಅಂದಿದ್ದಿ. ಸಾತ್ ರಸ್ತಾದಾಗ."

ಜಾಗವನ್ನೂ ಮರೆತಿರಲಿಲ್ಲ.

"ಹೆದರಿದಾವ ನಾನು," ಎಂದೆ.

ಅವಳು ಫಳಿಯ ಮೇಲಿನ ಲೆಕ್ಕವನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿದ್ದವು, ಅದನ್ನು ಒರೆಸಿಕೊಳ್ಳಲಿಲ್ಲ. ವರ್ಕ್‌ಶಾಪಿನ ಬಾಗಿಲಲ್ಲಿ ಹಿಂದಿನ ಬೆಂಚಿನ ಆ ಹುಡುಗಿ ಚೀಲ ಹಿಡಿದು ಬಸ್ಸಿಗೆ ಹೊರಟಿದ್ದಳು.

"ಏ ನಿಲ್ಲವಾ," ಎಂದು ತಂಗಿ ಅವಳನ್ನು ಕೂಗಿದಳು. "ನಾ ಆಗಳೆ ಹೇಳಿದ್ದು ತಪ್ಪದ. ಸೋಮವಾರ ನಮ್ಮಣ್ಣ ಬಂದು ವರ್ಗದಾಗ ಹೇಳತಾನ, ಯಾಕ ತಪ್ಪು ಅಂತ. ನೀ ಟ್ರೈಯಲ್ ಬಿಡಬ್ಯಾಡ." ನಂತರ ನನ್ನ ಕಡೆ ತಿರುಗಿದಳು. "ಹೇಳತಿಲ್ಲೋ?"

"ಹೇಳತೀನಿ."

"ಚಾವಿ ಕೊಡು."

ಕೊಟ್ಟೆ. ನಾನು ಪಕ್ಕದ ಬಾಗಿಲು ತೆಗೆಯಲು ಹೋದೆ.

"ಅಲ್ಲಲ್ಲ. ಹಿಂದ ಏರು. ಗಂಟೆಲ್ಲ ಇಳಿಸ್ಯಾರ, ಹಿಂದ ಹಗುರ ಆಗ್ಯಾದ. ಹಿಂದಿನ ಗಾಲಿ ನೆತ್ತಿ ಮ್ಯಾಲ ಕೂಡು. ಇನ್ನಾ ಸ್ವಲ್ಪ ಬಲಕ್ಕ. ಹಾಂ, ಅಲ್ಲೇ. ನಾ ಹೇಳೂತನಕ ಅಳಗ್ಯಾಡಬ್ಯಾಡ."

ಸಂಸ್ಥೆಯ ಹಿಂದಿನ ಮಣ್ಣಿನ ಬಯಲಿನಲ್ಲಿ ಟೆಂಪೊ ಹೊರಟಿತು. ಮೊದಲ ಸುತ್ತು ಎಷ್ಟು ನಿಧಾನವೆಂದರೆ ಆ ಹುಡುಗಿ ಪಕ್ಕದಲ್ಲಿ ನಡೆದುಕೊಂಡೇ ಬಂದಳು. ಎರಡನೆಯದಕ್ಕೆ ಅವಳು ಹಿಂದೆ ಉಳಿದಳು. ಮೂರನೆಯ ಸುತ್ತಿನ ನಡುತಿರುವಿನಲ್ಲಿ ಎಂಜಿನ್ನಿನ ಸದ್ದು ಒಮ್ಮೆಲೇ ಇಳಿಯಿತು. ತಂಗಿ ಬೇಕೆಂದೇ ಕಾಲು ತೆಗೆದಿದ್ದಳು. ನನ್ನ ಕೆಳಗೆ ಹಿಂದಿನ ಗಾಲಿಗಳು ಒಂದು ಗೇಣು ಸರಿದು, ಮಣ್ಣು ಕಚ್ಚಿ ಹಿಡಿದವು. ನಾನು ಸರಳು ಹಿಡಿಯಲು ಕೈ ಎತ್ತಿದವನು ಹಾಗೇ ಇಳಿಸಿ, ಅವಳು ಹೇಳಿದ ಜಾಗದಲ್ಲಿ ಕೂತೇ ಇದ್ದೆ.